ಕೆರೆ ಕಾಯುವ ಪಾಳಿ

"ದಂಡಿ ನಮ್ಮದರಿ, ನೀರು ನಮ್ಮದಲ್ಲ," ಎಂದರು ಪಂಚಾಯಿತಿ ಕಾರ್ಯದರ್ಶಿ ಪಂಢರಿನಾಥ, ಕೆರೆಗೆ ಬೆನ್ನು ಮಾಡಿಕೊಂಡೇ.

ನೀರು ಕಾಲುವೆಯಿಂದ ಕೆರೆಗೆ ಬೀಳುವತನಕ ಮಾತ್ರ ತಮ್ಮದು, ಬಿದ್ದ ಮೇಲೆ ಅಲ್ಲ ಎಂದರು ನೀರಾವರಿಯ ಎಂಜಿನಿಯರು. ನೀರಿನೊಳಗಿನ ಹುಳ ಆರೋಗ್ಯ ಇಲಾಖೆಯದು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ಒಂದೇ ವಾರದಲ್ಲಿ ವಾಂತಿಭೇದಿಯ ಹದಿನಾಲ್ಕು ಮಕ್ಕಳಿಗೆ ಸಲೈನ್ ಹಚ್ಚಿ ಡಾಕ್ಟರಿಗೆ ಸಾಕಾಗಿತ್ತು.

ಆ ಹದಿನಾಲ್ಕರಲ್ಲಿ ಒಬ್ಬಳು ಆಶಾ ಕಾರ್ಯಕರ್ತೆ ನೇತ್ರಾಳ ಮಗಳು. ಫೋನು ಮಾಡಿ ಮಾಡಿ ಇವರನ್ನೆಲ್ಲ ದಂಡೆಗೆ ಕರೆಸಿದವಳು ನೇತ್ರಾಳೇ. ಊರಿನ ಬೋರುಗಳ ನೀರು ಉಪ್ಪು, ಅದರಲ್ಲಿ ಬೇಳೆ ಬೇಯುವುದಿಲ್ಲ. ಶುದ್ಧ ನೀರಿನ ಘಟಕ ಕೆಟ್ಟು ಮೂರು ತಿಂಗಳು; ಕುಡಿಯಲು ಉಳಿದದ್ದು ಈ ಕೆರೆಯೊಂದೇ. ಮನೆಯಲ್ಲಿ ಮಗಳಿಗೆ ಕುದಿಸಿ ಕೊಡಬಹುದು. ಆದರೆ ಶಾಲೆಯ ನಲ್ಲಿಗೆ ಬರುವುದೂ ಇದೇ ಕೆರೆಯ ನೀರು, ಮಗಳು ನಾಳೆಯಿಂದ ಶಾಲೆಗೆ. ದನ ಇಳಿಯದಂತೆ, ಬಟ್ಟೆ ಒಗೆಯದಂತೆ ಕಾಯುವವರೊಬ್ಬರು ಇವತ್ತೇ ನಿಶ್ಚಯವಾಗಬೇಕಿತ್ತು.

ನೀರಿಗೆ ಬಂದಿದ್ದ ಮುದುಕಿ ಮಹಾದೇವಕ್ಕ ಕೊಡ ಇಳಿಸಿ ನಿಂತಳು.

"ಹುಲಿಗೆಪ್ಪ ಇದ್ದಾಗ ಇಷ್ಟ ಮಂದಿ ಸಾಹೇಬ್ರು ಬರ್ತಿದ್ದಿಲ್ಲ ಬಿಡ್ರಿ. ಇಂಥಾ ವಾಂತಿಭೇದಿ ಬ್ಯಾನಿನೂ ಬರ್ತಿದ್ದಿಲ್ಲ."

"ಯಾವ ಇಲಾಖೆಯವರು ಅವರು?" ಎಂದರು ಎಂಜಿನಿಯರು.

"ಇಲಾಖಿ ಎಲ್ಲೀದ್ರಿ? ಕೆರಿ ಕಾಯಾಕ ಮನಿಗೊಂದು ಸೇರು ಜ್ವಾಳ ಕೊಡ್ತಿದ್ವಿ. ದಂಡಿ ಮ್ಯಾಲ ಬಡಿಗಿ ಹಿಡದು ಕೂಡಾಂವ. ಒಮ್ಮೆ ಗೌಡ್ರು ಜೋಡು ಮೆಟ್ಟಿ ಕೆರಿ ಪಾವಟಿಗಿ ಇಳದ್ರು. ಎರಡೂ ಜೋಡು ತೊಗೊಂಡು ಹೊಲಕ್ಕ ಒಗದ!"

ಎಂಜಿನಿಯರು ತಮ್ಮ ಬೂಟು ನೋಡಿಕೊಂಡರು. ಮುದುಕಿ ನಗುತ್ತಿದ್ದಳು, ಅವಳ ಕಣ್ಣು ಮಾತ್ರ ನೀರಿನಾಚೆ ಹುಲಿಗೆಪ್ಪ ಕೂಡುತ್ತಿದ್ದ ಖಾಲಿ ಕಟ್ಟೆಯ ಮೇಲಿತ್ತು.

"ಅಂವ ಹಾಸಿಗಿ ಹಿಡದ ಮ್ಯಾಲ ಓಣಿ ಓಣಿ ಪಾಳಿ ಹಚ್ಚಿದ್ವಿ. ಸೋಮವಾರ ನಮ್ದು, ಮಂಗಳವಾರ ಅಮೀರಬಿ ಓಣೀದು. ಚುರಮರಿ ತಿನ್ಕೋತ, ಹಾಡ್ಕೋತ ಕಾಯ್ತಿದ್ವಿ. ಮನಿಮನಿಗೆ ಬೋರಿನ ನಲ್ಲಿ ಬಂದ್ವು, ಎಲ್ಲಾರೂ ಮನ್ಯಾಗ ಕುಂತ್ರು."

"ಮತ್ತ ಪಾಳಿ ಹಚ್ಚೂಣು," ಎಂದಳು ನೇತ್ರಾ. "ಮೊದಲನೇದು ಯಾರದ್ರಿ?"

ಎಲ್ಲರೂ ಹಿಂದೆ ನಿಂತಿದ್ದ ಪಂಚಾಯಿತಿ ಸದಸ್ಯ ಮಡಿವಾಳೆಪ್ಪನನ್ನು ನೋಡಿದರು. ಅವನವು ನಾಲ್ಕು ಎಮ್ಮೆ, ನಾಲ್ಕೂ ದಿನಾ ಕೆರೆಯಲ್ಲೇ.

"ನನ್ನ ಎಮ್ಮಿ ಅಷ್ಟ ಇಳೀತಾವೇನ ಬೇ?"

"ಉಳದಾವು ನಿಮ್ಮವ್ನ ನೋಡಿ ಕಲತಾವ್ರಿ ಕಾಕಾ," ಎಂದಳು ನೇತ್ರಾ.

ಡಾಕ್ಟರು ಮೊದಲು ನಕ್ಕರು. ದನಗಳಿಗೆ ಕಾಲುವೆ ಬಾಜು ತೊಟ್ಟಿ ಕಟ್ಟಿಸುತ್ತೇನೆ ಎಂದು ಎಂಜಿನಿಯರು ಯಾರೂ ಕೇಳದೆಯೇ ಹೇಳಿದರು. ಹೇಳಿಬಿಟ್ಟೆನಲ್ಲ ಎಂಬಂತೆ ಕೆಮ್ಮಿದರು. ಪಂಢರಿನಾಥ ಪಾಳಿಯ ಪಟ್ಟಿ ಬರೆಯತೊಡಗಿದರು, ಮೊದಲ ಹೆಸರು ಮಡಿವಾಳೆಪ್ಪನದೇ. ಬುಧವಾರಕ್ಕೆ ಬಂದು ಪೆನ್ನು ನಿಂತಿತು. ಮುದುಕಿ ನೋಡುತ್ತಲೇ ಇದ್ದಳು. ಪಂಢರಿನಾಥ ತಮ್ಮ ಹೆಸರನ್ನೇ ಬರೆದರು.

ಮರುದಿನ ಬೆಳಿಗ್ಗೆ ಎಮ್ಮೆಗಳು ರೂಢಿಯಂತೆ ದಂಡೆ ಹತ್ತಿ ಬಂದವು. ಮಡಿವಾಳೆಪ್ಪ ಬರಿಗಾಲಲ್ಲಿ ಪಾವಟಿಗೆಯ ಮೇಲಿನ ಮೆಟ್ಟಿಲಲ್ಲಿ ಎರಡೂ ಕೈ ಚಾಚಿ ನಿಂತಿದ್ದ. ಎಮ್ಮೆಗಳು ನಿಂತವು, ಒಡೆಯನ ಮುಖವನ್ನೇ ನೋಡುತ್ತ ಬಹಳ ಹೊತ್ತು ನಿಂತವು. ಅವನ ಬೆನ್ನ ಹಿಂದೆ ಹೆಂಗಸರು ಒಬ್ಬೊಬ್ಬರಾಗಿ ಕೊಡ ಮುಳುಗಿಸುತ್ತಿದ್ದರು.