ಮೂರನೆಯ ಬಿಂದು

"ಎರಡು ಗಂಟೆ ನನ್ನನ್ನ ಕರೀಬೇಡಿ," ಎಂದಳು ಹೆಂಡತಿ, ಹಾಯಿದೋಣಿಯ ಕ್ಯಾಬಿನ್ನಿಗೆ ಇಳಿಯುತ್ತ. "ಅಷ್ಟು ಹೊತ್ತು ಒಬ್ರೇ ನಡೆಸಿದ್ರೆ ದೋಣಿ ಇಟ್ಕೊಳ್ಳೋಣ. ಇಲ್ಲಾಂದ್ರೆ ಮಾರೋದೇ. ಆ ಭುಜ ಇಟ್ಕೊಂಡು ನೀವು ಸಮುದ್ರಕ್ಕೆ ಬೀಳೋದನ್ನ ನಾನು ನೋಡ್ಲಾರೆ."

"ಆಯ್ತು, ಮೇಷ್ಟ್ರಮ್ಮ. ಹೋಗಿ ಗೊರಕೆ ಹೊಡಿ."

ಮೂವತ್ತು ವರ್ಷ ಫೆರ್ರಿಯ ಚುಕ್ಕಾಣಿ ಹಿಡಿದಿದ್ದ ಕೈ ಅವನದು. ಭುಜದ ಆಪರೇಷನ್ ಆದಮೇಲೆ ಬಲಗೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅದಕ್ಕೇ ಚುಕ್ಕಾಣಿಯನ್ನು ತಾನೇ ತಿರುಗಿಸುವ ಈ ಆಟೋಪೈಲಟ್ ಬಂದದ್ದು. ಹೈಸ್ಕೂಲಿನಲ್ಲಿ ಗಣಿತ ಹೇಳುವ ಹೆಂಡತಿ ಒಂದು ಇಡೀ ಸಂಜೆ ಕೂತು, ಸಮುದ್ರದ ನಕ್ಷೆ ತೋರಿಸುವ ಚಾರ್ಟ್‌ಪ್ಲಾಟರಿನ ಪರದೆಯ ಮೇಲೆ ಐದು ಬಿಂದುಗಳನ್ನಿಟ್ಟು, ಗೆರೆ ಎಳೆದು ದಾರಿ ಮಾಡಿದ್ದಳು. ಯಂತ್ರ ಆ ಗೆರೆ ಹಿಡಿದು ಹೋಗುತ್ತಿತ್ತು. ಪ್ರತಿ ಬಿಂದುವಿನಲ್ಲೂ ಒಮ್ಮೆ ಕೀಂಗುಟ್ಟಿ, ತಿರುಗಲು ಒಪ್ಪಿಗೆ ಕೇಳುತ್ತಿತ್ತು. ಇವನು ಒಂದು ಗುಂಡಿ ಒತ್ತಿದರೆ ಮುಗಿಯಿತು.

ಅಷ್ಟೇ ಕೆಲಸವೆಂದರೆ ಯಾವ ಗಂಡಸು ಸುಮ್ಮನೆ ಕೂತಾನು? ಕೂತ, ಎದ್ದ, ಸುತ್ತಿಟ್ಟ ಹಗ್ಗವನ್ನು ಬಿಚ್ಚಿ ಮತ್ತೆ ಸುತ್ತಿದ. ಪಕ್ಕದಲ್ಲೇ ಚುಕ್ಕಾಣಿ ತನ್ನಷ್ಟಕ್ಕೆ ಆಚೆ ಈಚೆ ತಿರುಗುತ್ತಿದ್ದರೆ, ತನ್ನ ಕುರ್ಚಿಯಲ್ಲಿ ಬೇರೆ ಯಾರೋ ಬಂದು ಕೂತ ಹಾಗೆ ಮೈ ಉರಿಯುತ್ತಿತ್ತು.

ಎರಡನೆಯ ಬಿಂದು ದಾಟಿತು. ಮೂರನೆಯದು ನೋಡಿದರೆ ಬಲಕ್ಕೆ ಎಲ್ಲೋ ದೂರದಲ್ಲಿ! ನಡುವೆ ಬರೀ ನೀಲಿ. "ಇವಳಿಗೆ ಸಮುದ್ರದಲ್ಲೂ ರೇಖಾಗಣಿತ," ಎಂದು ಗೊಣಗಿ, ಬಿಂದುವಿನ ಮೇಲೆ ಬೆರಳಿಟ್ಟು ಎಡಕ್ಕೆಳೆದ. ಅರ್ಧ ಗಂಟೆಯ ದಾರಿ ಉಳಿತಾಯವಾಯಿತು. ಯಂತ್ರ ತಕರಾರು ಮಾಡಲಿಲ್ಲ.

ಆತುರಗಾರನಿಗೆ ಬುದ್ಧಿ ಮಟ್ಟ. ಪರದೆಯಲ್ಲಿ ಆಗ ಇಡೀ ಕರಾವಳಿ ಕಾಣುತ್ತಿತ್ತು. ಅಷ್ಟು ದೊಡ್ಡ ನಕ್ಷೆಯಲ್ಲಿ ಸಣ್ಣ ಬಂಡೆಗಳು ಕಾಣುವುದಿಲ್ಲ, ಹಿಗ್ಗಿಸಿ ನೋಡಬೇಕು. ಹೆಂಡತಿ ಹತ್ತು ಸಲ ಹೇಳಿದ್ದಳು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ.

ಇಪ್ಪತ್ತು ನಿಮಿಷವಾಗಿರಬಹುದು. ಎದುರಿಗೆ ನೀರಿನ ನಡುವೆ ಹಕ್ಕಿಗಳು ಕಂಡವು. ತೇಲುತ್ತಿರಲಿಲ್ಲ, ನಿಂತಿದ್ದವು. ಕಾಲಬುಡದಲ್ಲಿ ಬೆಳ್ಳಗೆ ನೊರೆ.

ಬಂಡೆ! ಹಳೇ ಅಭ್ಯಾಸ, ಆಟೋಪೈಲಟ್ ನಿಲ್ಲಿಸಿ ಎರಡೂ ಕೈಯಲ್ಲಿ ಚುಕ್ಕಾಣಿ ಹಿಡಿದ. ಭುಜದಲ್ಲಿ ಬೆಂಕಿ ಹತ್ತಿಕೊಂಡು ಬಲಗೈ ಚುಕ್ಕಾಣಿಯಿಂದ ಜಾರಿಬಿತ್ತು. ಎಡಗೈಯೊಂದಕ್ಕೆ ಚುಕ್ಕಾಣಿ ನಾಲ್ಕು ಬೆರಳಷ್ಟು ಜಗ್ಗಿ ವಾಪಸ್ ಹೊಡೆಯಿತು. ಕೂಗಲು ಬಾಯಿ ತೆರೆದ. ಕೂಗಿದರೆ ದೋಣಿ ಮಾರಿದಂತೆಯೇ. ಹಕ್ಕಿಗಳ ಕಣ್ಣು ಕಾಣುವಷ್ಟು ಹತ್ತಿರವಾಯಿತು. ಕೊನೆಗೆ ಯಂತ್ರವನ್ನೇ ಮತ್ತೆ ಹಚ್ಚಿ, ಬಲಕ್ಕೆ ಹತ್ತು ಡಿಗ್ರಿ ತಿರುಗಿಸುವ ಗುಂಡಿ ಒತ್ತಿದ, ಒತ್ತಿದ, ಇನ್ನೂ ಒತ್ತಿದ. ಚುಕ್ಕಾಣಿ ಅವನ ಮುಂದೆಯೇ ಸಲೀಸಾಗಿ ತಿರುಗಿತು. ಎಡಗೈಯಲ್ಲಿ ಹಾಯಿಯ ಹಗ್ಗ ಸಡಿಲಿಸಿದ. ಗಾಳಿ ಬೆನ್ನಿಗೆ ಬಂದು ದೋಣಿ ನೆಟ್ಟಗಾಯಿತು. ಬಂಡೆ ಎಡಗಡೆ ಒಂದು ಮನೆಯಷ್ಟು ದೂರದಲ್ಲಿ ಹಾದುಹೋಯಿತು.

ಕೆಳಗೆ ಸದ್ದಿಲ್ಲ. ನಲವತ್ತೇ ನಿಮಿಷವಾಗಿತ್ತು.

ಪರದೆಯಲ್ಲಿ ಮಾತ್ರ ಸಾಗಿಬಂದ ಹಾದಿ ಕಾಣುತ್ತಿತ್ತು, ನೇರ ಬಂದು ಥಟ್ಟನೆ ಮುರಿದ ಗೆರೆ. ಅದನ್ನು ಅಳಿಸುವುದಕ್ಕೂ ಯಂತ್ರದಲ್ಲಿ ಅನುಕೂಲವಿತ್ತು. 'ಅಳಿಸಬೇಕೇ?' ಎಂದು ಕೇಳಿತು. 'ಹೌದು' ಎಂಬುದರ ಮೇಲೆ ಬೆರಳು ನಿಂತಿತು. ಯಾರಿಗೂ ತಿಳಿಯದು, ದೋಣಿ ಉಳಿಯುತ್ತದೆ. ಆದರೆ ಇನ್ನು ಮುಂದೆ ಅವಳು ಈ ಸುಳ್ಳನ್ನು ನಂಬಿಕೊಂಡು ಕೆಳಗೆ ನಿದ್ದೆ ಮಾಡಬೇಕಲ್ಲ. 'ಇಲ್ಲ' ಒತ್ತಿದ.

"ಏಯ್, ಸ್ವಲ್ಪ ಮೇಲೆ ಬಾ."

ಕೆನ್ನೆಯ ಮೇಲೆ ದಿಂಬಿನ ಗೀರು ಹೊತ್ತು ಅವಳು ಬಂದಳು.

"ನಿನ್ನ ಬಿಂದು ನಾನೇ ಸರಿಸ್ದೆ. ಬಂಡೆ ಇತ್ತು. ಕೈಯಲ್ಲಿ ತಿರುಗಿಸೋಕೆ ಆಗ್ಲಿಲ್ಲ ಕಣೇ. ಯಂತ್ರಾನೇ ತಿರುಗಿಸ್ತು."

ಅವಳು ಹಿಂದೆ ಉಳಿದ ಬಂಡೆಯನ್ನೂ ಮುರಿದ ಗೆರೆಯನ್ನೂ ನೋಡಿದಳು. ಮುಖ ಬಿಳಿಚಿಕೊಂಡಿತು.

"ಇದನ್ನ ಅಳಿಸ್ಬಹುದಿತ್ತಲ್ಲ?"

"ಬಹುದಿತ್ತು."

"ಮುಂದಿನ ದಾರಿ ಹಿಗ್ಗಿಸಿ ನೋಡಿ. ನೀವೇ, ನನ್ನೆದುರಿಗೆ."

ಎಡಗೈ ಬೆರಳಲ್ಲಿ ತಡವರಿಸುತ್ತ ಒಂದೊಂದೇ ಬಿಂದು ಹಿಗ್ಗಿಸಿ, ಸುತ್ತಲೂ ನೋಡಿ, ದಾರಿಯನ್ನು ಸರಿಮಾಡಿದ. ಅವಳು ಗಡಿಯಾರ ನೋಡಿಕೊಂಡಳು.

"ಇನ್ನೂ ಒಂದು ಗಂಟೆ ಹತ್ತು ನಿಮಿಷ ಇದೆ," ಎಂದು ಕೆಳಗಿಳಿದಳು.

ಕ್ಯಾಬಿನ್ನಿನ ಬಾಗಿಲು ಮಾತ್ರ ಹಾಕಲಿಲ್ಲ. ಅವನು ಕೂತಲ್ಲಿಂದ ಹಾಸಿಗೆಯ ಕೊನೆಯಲ್ಲಿ ಅವಳ ಎರಡು ಪಾದಗಳು ಕಾಣುತ್ತಿದ್ದವು. ಸುಮಾರು ಹೊತ್ತು ಒಂದಕ್ಕೊಂದು ಒತ್ತಿಕೊಂಡು ಬಿಗಿಯಾಗಿದ್ದವು. ಆಮೇಲೆ ಒಂದು ಪಾದ ನಿದ್ದೆಯಲ್ಲಿ ಮೆಲ್ಲಗೆ ಹೊರಕ್ಕೆ ವಾಲಿತು.