ಯಾದಿಯೆಲ್ ‘ಸಾಕು’ ಅಂದ!

ಯಾದಿಯೆಲ್ ಆಶೀರ್ವಾದ ಕೇಳಿದ! ಸುದ್ದಿ ಬೀದಿಯ ತುದಿಯವರೆಗೂ ಓಡಿತು.

ಬನಿ ಊರಿನಲ್ಲಿ ಮಕ್ಕಳು ಹಿರಿಯರನ್ನು ಕಂಡೊಡನೆ “ಆಶೀರ್ವಾದ, ಅಜ್ಜಿ”, “ಆಶೀರ್ವಾದ, ಮಾವ” ಎಂದು ಆಶೀರ್ವಾದ ಕೇಳಬೇಕು. ಇಲ್ಲದಿದ್ದರೆ ತಾಯಿಗೆ ಬೈಗುಳ. ನೂರಿಸಳ ಐದು ವರ್ಷದ ಮಗ ಯಾದಿಯೆಲ್‌ಗೆ ಆಟಿಸಂ. ಅವನು ಬಾಯಿ ಬಿಡುತ್ತಿರಲಿಲ್ಲ. “ಅದೊಂದು ಮಾತು ಕಲಿಸಿ ಕೊಡಿ” ಎಂದು ಅತ್ತೆ ದೊಲೋರೆಸ್ ಅವನನ್ನು ತರಬೇತಿ ಕೇಂದ್ರಕ್ಕೆ ಸೇರಿಸಿದ್ದರು. ಅಲ್ಲಿ ಹೇಳಿದರೆ ಮಿಠಾಯಿ, ಹೇಳದಿದ್ದರೆ ಕುರ್ಚಿಯಿಂದ ಏಳುವಂತಿಲ್ಲ.

ಹುಡುಗ ಕಲಿತ. ಆದರೆ ಬಾಳೆಕಾಯಿ ಮಾರುವವನಿಗೂ “ಆಶೀರ್ವಾದ, ಅಜ್ಜಿ!” ಬೀದಿಯ ಹುಂಜಕ್ಕೂ “ಆಶೀರ್ವಾದ, ಅಜ್ಜಿ!” ಎಲ್ಲರೂ ನಕ್ಕರು. ನೂರಿಸಳಿಗೆ ಮಾತ್ರ ನಗು ಬರಲಿಲ್ಲ. ಕೇಂದ್ರದ ಬಾಗಿಲು ಕಂಡರೆ ಸಾಕು, ಮಗ ಕಿವಿ ಮುಚ್ಚಿಕೊಂಡು ನೆಲಕ್ಕೆ ಬೀಳುತ್ತಿದ್ದ.

“ತರಬೇತಿನೇ ಬೇಡ ಅನ್ಸತ್ತೆ ಕಣೆ,” ಎಂದಳು ನೂರಿಸ್, ಪಕ್ಕದ ಮನೆಯ ಯೋಕಾಸ್ತಾಳಿಗೆ. ಯೋಕಾಸ್ತಾಳ ಮಗಳಿಗೂ ಆಟಿಸಂ.

“ನೆಗಡಿ ಬಂತು ಅಂತ ಮೂಗು ಕೊಯ್ಕೋತೀಯಾ? ಎಲ್ಲಾ ಕಡೆ ಒಂದೇ ಥರ ಕಲಿಸಲ್ಲ. ನಿನ್ನನ್ನ ಒಳಗೆ ಕೂತು ನೋಡೋಕೆ ಬಿಡ್ತಾರಾ?”

“ಇಲ್ಲ.”

“ಅತ್ತರೆ ನಿಲ್ಲಿಸ್ತಾರಾ?”

“ಅಳಲಿ ಬಿಡಿ, ಅಭ್ಯಾಸ ಆಗತ್ತೆ ಅಂತಾರೆ.”

“ಹೋಗ್ಲಿ, ಆ ಆಶೀರ್ವಾದ ಬೇಕಾಗಿದ್ದು ಯಾರಿಗೆ? ಅವನಿಗೋ, ನಿಮ್ಮತ್ತೆಗೋ?”

ನೂರಿಸ್ ಮಗನನ್ನು ಆ ಕೇಂದ್ರದಿಂದ ಬಿಡಿಸಿದಳು. ಮರುದಿನವೇ ಯೋಕಾಸ್ತಾ ತಾಯಿ ಮಗ ಇಬ್ಬರನ್ನೂ ತನ್ನ ಮಗಳ ಶಿಕ್ಷಕಿ ಮಾರಿಬೆಲ್ ಬಳಿ ಕರೆದೊಯ್ದಳು. ಮಾರಿಬೆಲ್ ನೆಲದ ಮೇಲೆ ಕೂತು ಆಡಿಸುತ್ತಲೇ ಕಲಿಸುವವಳು. ತಾಯಿಯನ್ನೂ ಪಕ್ಕದಲ್ಲೇ ಕೂರಿಸಿಕೊಂಡಳು. ಮೊದಲು ಕಲಿಸಿದ್ದು ಅಂಗೈ ಎತ್ತಿ “ಸಾಕು” ಎನ್ನುವುದನ್ನು.

ಅತ್ತೆ ಕಿಡಿಕಾರಿದರು. “ಬೇಡ ಅನ್ನೋದನ್ನ ಕಲಿಸೋಕೂ ಒಬ್ಬ ಟೀಚರ್ ಬೇಕಾ? ಅದು ನಿನ್ನ ಗಂಡನಿಗೆ ಹುಟ್ಟಿದಾಗಿಂದ ಬರ್ತಿತ್ತು!”

ಭಾನುವಾರ ಒಲೆಯ ಮೇಲೆ ಸಾಂಕೋಚೊ ಸಾರು ಕುದಿಯುತ್ತಿತ್ತು. ಮನೆ ತುಂಬ ನೆಂಟರು. ಅಜ್ಜಿ ದೊಲೋರೆಸ್ ಮೊಮ್ಮಗನನ್ನು ಬಾಚಿ ತಬ್ಬಿ ಮುತ್ತಿಟ್ಟರು. ಈಗ ಕಿರುಚುತ್ತಾನೆ ಎಂದುಕೊಂಡರು ಎಲ್ಲರೂ. ಯಾದಿಯೆಲ್ ಅಂಗೈ ಎತ್ತಿದ.

“ಸಾಕು.”

“ಅತ್ತೆ, ಕೇಳಿದ್ರಾ!” ನೂರಿಸ್ ಸೌಟು ಹಿಡಿದೇ ಓಡಿ ಬಂದಳು. “ಹೇಳ್ದ! ತಾನಾಗೇ ಹೇಳ್ದ!”

ದೊಲೋರೆಸ್ ತೋಳು ಸಡಿಲಿಸಿದರು. ಹುಡುಗ ಓಡಿಹೋಗಲಿಲ್ಲ, ಅವರ ಪಕ್ಕದಲ್ಲೇ ಕೂತು ಅವರ ಬಳೆ ತಿರುಗಿಸತೊಡಗಿದ. ಅಜ್ಜಿಯ ಕಣ್ಣು ತುಂಬಿತು.

“ಅಯ್ಯೋ, ಬಿಟ್ಟರೇ ಹತ್ತಿರ ಬರ್ತಾನಲ್ಲೇ! ನಾಳೆ ಆ ಮಾರಿಬೆಲ್ ಹತ್ರ ನಾನೂ ಬರ್ತೀನಿ. ಇನ್ನೇನೇನು ಹೇಳೋದಿದೆಯೋ ಇವನಿಗೆ!”

ಅಕ್ಕಂದಿರೇ, ಅಣ್ಣಂದಿರೇ, ತರಬೇತಿಗೆ ಹೆದರಬೇಡಿ, ಕಣ್ಣು ಮುಚ್ಚಿ ನಂಬಲೂ ಬೇಡಿ. ನಿಮ್ಮನ್ನು ಒಳಗೆ ಬಿಡದ ಕಡೆ ಮಗುವನ್ನು ಬಿಟ್ಟು ಬರಬೇಡಿ. ಅಲ್ಲಿ ಕಲಿಸುವುದು ಮಗುವಿನ ಬಾಳಿಗೆ ಬೇಕಾದದ್ದೋ, ನಮ್ಮ ಮರ್ಯಾದೆಗೆ ಬೇಕಾದದ್ದೋ ಎಂದು ಕೇಳಿ. ಮಗುವಿನ ಅಳುವೂ ಮಾತೇ. ಇವತ್ತೇ ಕಿವಿಗೊಡಿ.