ಹಾಲುಹಲ್ಲು

"ಏನೂ ಸಿಗಲಿಲ್ಲ ಮೇಡಂ," ಎಂದಿತು ಲ್ಯಾಬಿನಿಂದ ಬಂದ ದನಿ. "ಆಸಿಡ್‌ಗೆ ಹಾಕಿದ್ದೇ ತಡ, ಹಲ್ಲಿನ ಪುಡಿಯೆಲ್ಲ ಕರಗಿಹೋಯ್ತು. ಅಳೆಯೋಕೆ ಏನಾದ್ರೂ ಉಳೀಬೇಕಲ್ಲ?"

ಮೊಳಕಾಲ್ಮೂರಿನ ಎಸ್‌ಟಿಡಿ ಬೂತಿನಲ್ಲಿ ಸರ್ವಮಂಗಳ ರಿಸೀವರ್ ಇಟ್ಟಳು. ಹಳೆಯ ಕಾಲದವರು ಏನು ತಿಂದು ಬದುಕಿದ್ದರೆಂದು ಅವರ ಎಲುಬೇ ಹೇಳುತ್ತದೆಂದು ನಂಬಿ ಮೂರು ವರ್ಷದಿಂದ ಸಿದ್ದಾಪುರದ ಗುಡ್ಡದ ಬುಡದಲ್ಲಿ ಅಗೆಸುತ್ತಿದ್ದಳು. ಇದು ನಾಲ್ಕನೆಯ ಸೋಲು. ಎರಡು ಸಾವಿರ ವರ್ಷದಲ್ಲಿ ಆ ಬಿಸಿಮಣ್ಣು ಎಲುಬಿನ ಸತ್ವವನ್ನೆಲ್ಲ ಹೀರಿಬಿಟ್ಟಿತ್ತು. ಕೊನೆಗೆ ಲ್ಯಾಬಿಗೆ ಕಳಿಸಿದ್ದು ಮಗುವೊಂದರ ದವಡೆಯಲ್ಲಿ ಉಳಿದಿದ್ದ ಒಂದೇ ಹಾಲುಹಲ್ಲು.

ಆ ದವಡೆಯನ್ನು ಮಣ್ಣಿನಿಂದ ಎತ್ತಿದವಳು ಬೋರಕ್ಕ. ಕುರಿ ಮಾರಿದ ಮೇಲೆ ಕೂಲಿಗೆ ಬರತೊಡಗಿದ್ದವಳು. ಹಲ್ಲನ್ನು ಪುಡಿ ಮಾಡುತ್ತಾರೆಂದಾಗ ಅವಳ ಮುಖ ಚಿಕ್ಕದಾಗಿತ್ತು. "ಎಷ್ಟು ತಿಂಗಳು ತಾಯಿಹಾಲು ಕುಡಿದಿತ್ತು ಅಂತ ತಿಳಿಯುತ್ತೆ," ಎಂದು ಸರ್ವಮಂಗಳ ಸಮಾಧಾನ ಹೇಳಿದ್ದಳು. ಬೋರಕ್ಕ, "ನನ್ ಕೂಸಿಗೆ ಆರು ತಿಂಗಳಿಗೇ ಹಾಲು ಬತ್ತಿತ್ರಿ. ಸಜ್ಜೆ ಅಂಬ್ಲಿ ಕುಡ್ಸಿದ್ದೆ. ಉಳೀಲಿಲ್ಲ. ಇದರದ್ದು ಗೊತ್ತಾದ್ರೆ ನನಗೂ ಹೇಳ್ರಿ," ಎಂದಿದ್ದಳು.

ಬಸ್ಸಿನಲ್ಲಿ ಕಿಟಕಿಗೆ ತಲೆಯೊರಗಿಸಿ ಸರ್ವಮಂಗಳ ಯೋಚಿಸಿದಳು. 'ಈ ಮಗುವಿಗೂ ಹಾಲು ಬೇಗ ಬತ್ತಿತ್ತು' ಎಂದುಬಿಟ್ಟರೆ? ಆ ಹೆಂಗಸಿನ ಎದೆಯಾದರೂ ಹಗುರಾದೀತು.

ಗುಡ್ಡದ ಬುಡದಲ್ಲಿ ಅಗೆದ ಗುಂಡಿಗಳನ್ನು ಮುಚ್ಚುವ ಕೆಲಸ ನಡೆದಿತ್ತು. ಅವಳನ್ನು ಕಂಡು ಬೋರಕ್ಕ ಬುಟ್ಟಿ ಇಳಿಸಿ ಬಂದಳು.

"ಏನಂದ್ರು ಮೇಡಮ್ನೋರೆ?"

ಸುಳ್ಳು ಹೇಳುವುದಕ್ಕೂ ತ್ರಾಣ ಬೇಕು. "ಗೊತ್ತಾಗಲಿಲ್ಲ ಬೋರಕ್ಕ. ಹಲ್ಲಿನೊಳಗೆ ಏನೂ ಉಳಿದಿರಲಿಲ್ಲ."

"ಹಲ್ಲು?"

"ಅದೂ ಹೋಯ್ತು."

"ಹಂಗಾದ್ರೆ ಸುಮ್ನೆ ಹೋತಾ?"

"ಸುಮ್ನೆ ಹೋಯ್ತು. ನಾನೇ ಕಳಿಸಬಾರದಿತ್ತು."

ಬೋರಕ್ಕನ ದವಡೆ ಬಿಗಿಯಿತು. ಆಮೇಲೆ ಸರ್ವಮಂಗಳಳ ಬಾಡಿದ ಮುಖ ನೋಡಿದಳು. "ಬೆಳಗ್ಗಿಂದ ಏನಾರ ತಿಂದಿದ್ದೀರಾ?" ಎಂದಳು.

ಸರ್ವಮಂಗಳ ಇಲ್ಲವೆಂದು ತಲೆಯಾಡಿಸಿದಳು.

"ಬೇವಿನ ಮರದ ಕೆಳಗೆ ನನ್ ಗಂಟೈತೆ. ರೊಟ್ಟಿ ತಗೊಳ್ರಿ."

ಅಷ್ಟು ಹೇಳಿ ಅವಳು ಗುಂಡಿಗೆ ಇಳಿದಳು. ಉಳಿದವರು ಬುಟ್ಟಿ ಬುಟ್ಟಿಯಾಗಿ ಮಣ್ಣು ಸುರಿಯುತ್ತಿದ್ದರು. ದವಡೆ ಸಿಕ್ಕಿದ್ದ ಮೂಲೆಯಲ್ಲಿ ಬೋರಕ್ಕ ಕುಕ್ಕರಗಾಲಲ್ಲಿ ಕೂತು, ಹೆಂಟೆಗಳನ್ನು ಬೆರಳಲ್ಲಿ ಪುಡಿಮಾಡಿ, ಹಿಡಿಹಿಡಿಯಾಗಿ ಮಣ್ಣು ಹಾಕತೊಡಗಿದಳು. ಬಿಸಿಲೇರುತ್ತಿತ್ತು. ಬೇಗ ಮುಗಿಸಿ ಎಂದು ಸರ್ವಮಂಗಳ ಹೇಳಲಿಲ್ಲ.